ನೂಲು ಹಿಡಿದವರು: ನಿರ್ಮಾಣ ಗುತ್ತಿಗೆಯಲ್ಲಿ ಅಳತೆ, ದೃಢೀಕರಣ ಮತ್ತು ಹೊಣೆಯ ಚರಿತ್ರೆ

ಕೆರೆಯನ್ನು ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯುತ್ತದೆ. ಅಗೆದವರ, ಮಣ್ಣು ಹೊತ್ತವರ ನೆನಪು ಹಾಡಿನಲ್ಲಿಯೋ ಐತಿಹ್ಯದಲ್ಲಿಯೋ ಮಸುಕಾಗಿ ಉಳಿದಿರುತ್ತದೆ. ಈ ಇಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಒಪ್ಪಂದದಂತೆ ಕೆಲಸ ನಡೆದಿದೆಯೇ, ನಡೆದ ಕೆಲಸ ಎಷ್ಟು, ಅದಕ್ಕೆ ಸಲ್ಲಬೇಕಾದ ಹಣವೆಷ್ಟು ಎಂಬುದನ್ನು ನೋಡಿ, ಅಳೆದು, ಬರೆದು, ಸಹಿ ಹಾಕುವವನು ಅವನು. ಮೇಸ್ತ್ರಿ, ಓವರ್‌ಸಿಯರ್, ಸೂಪರ್‌ವೈಸರ್, ಕಿರಿಯ ಇಂಜಿನಿಯರ್ ಎಂದು ಕಾಲಕಾಲಕ್ಕೆ ಹೆಸರು ಬದಲಾಗಿದೆ. ಇಂದಿನ ಪರಿಭಾಷೆಯಲ್ಲಿ ಅವನನ್ನು ನಿರ್ಮಾಣ ಗುತ್ತಿಗೆಯ ನಿರ್ವಾಹಕ ಎನ್ನುತ್ತಾರೆ. ಆ ಕೆಲಸಕ್ಕೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ನೀಡುವ ಸಂಸ್ಥೆಗಳೂ ಹುಟ್ಟಿಕೊಂಡಿವೆ. ಈತನ ಚರಿತ್ರೆಯನ್ನು ಇಂಜಿನಿಯರಿಂಗ್ ಇತಿಹಾಸಕಾರರು ಅಷ್ಟಾಗಿ ಬರೆದಿಲ್ಲ. ಜಾನಪದ ವಿದ್ವಾಂಸರಂತೂ ಅದು ತಮ್ಮ ಕ್ಷೇತ್ರವೆಂದು ಭಾವಿಸಿಯೇ ಇಲ್ಲ. ಆದರೆ ಕಟ್ಟಿದ್ದು ಕೆಟ್ಟಾಗ ಹೊಣೆ ಯಾರದು ಎಂಬ ಪ್ರಶ್ನೆಯನ್ನು ನಮ್ಮ ಜನಪದ ಕಾವ್ಯ ಬಹಳ ಹಿಂದೆಯೇ ಎತ್ತಿಕೊಂಡಿದೆ. ಅಳತೆ ಪುಸ್ತಕದ ಚರಿತ್ರೆಯನ್ನು ಆ ಪ್ರಶ್ನೆಯ ಜೊತೆಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದಗಳನ್ನು ಗಮನಿಸಬಹುದು. ಗುತ್ತಿಗೆ ಎಂಬುದು ಹಳೆಯ ಮಾತು. ಶಾಸನಗಳಲ್ಲಿ ಗುತ್ತಗೆ ಎಂಬ ರೂಪದಲ್ಲಿ ಭೂಮಿಯನ್ನೂ ಆದಾಯವನ್ನೂ ಒಪ್ಪಂದಕ್ಕೆ ವಹಿಸಿಕೊಡುವ ಸಂದರ್ಭದಲ್ಲಿ ಬರುತ್ತದೆ. ಮೇಸ್ತ್ರಿ ಪೋರ್ಚುಗೀಸರಿಂದ ಬಂದದ್ದು. ಮರಾಮತ್ತು ಅರಬ್ಬೀ ಮೂಲದ್ದು. ಅದು ಪಾರಸಿಯ ಮೂಲಕ ಆಡಳಿತ ಭಾಷೆಗೆ ಬಂದಿತು. ಕಾಮಗಾರಿಯನ್ನು ಮರಾಠಿಯ ನಂಟು ಕೊಟ್ಟಿತು. ಓವರ್‌ಸಿಯರ್, ಬಿಲ್ಲು, ಎಂ.ಬಿ. ಇವು ಇಂಗ್ಲಿಷಿನವು. ಕಟ್ಟಡ ಕೆಲಸದ ಮೇಲ್ವಿಚಾರಣೆಗೆ ಸಂಬಂಧಿಸಿದ ಪದಕೋಶದಲ್ಲಿ ಬಂದುಹೋದ ಆಳ್ವಿಕೆಗಳೆಲ್ಲ ಒಂದೊಂದು ಮಾತನ್ನು ಬಿಟ್ಟುಹೋಗಿವೆ. ಆದರೆ ಗಾರೆಯವನ ಕೈಯಲ್ಲಿರುವ ನೂಲು, ತೂಗುಗುಂಡು, ಮೂಲೆಮಟ್ಟ, ರಸಮಟ್ಟ, ಕರಣೆಗಳ ಹೆಸರು ಈ ಬದಲಾವಣೆಗೆ ಅಷ್ಟಾಗಿ ಪಕ್ಕಾಗಿಲ್ಲ. ಉಪಕರಣದ ಹೆಸರು ಕೆಲಸ ಮಾಡುವವನ ಭಾಷೆಯಲ್ಲಿಯೂ ಅಧಿಕಾರದ ಹೆಸರು ಆಳುವವನ ಭಾಷೆಯಲ್ಲಿಯೂ ಉಳಿದುಕೊಂಡಿರುವುದು ಸಹಜವೇ ಆಗಿದೆ.

ದಕ್ಷಿಣ ಭಾರತದ ವಾಸ್ತುಗ್ರಂಥವಾದ ‘ಮಯಮತ’ ನಿರ್ಮಾಣದಲ್ಲಿ ತೊಡಗುವ ನಾಲ್ವರನ್ನು ಹೆಸರಿಸುತ್ತದೆ: ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ. ಸ್ಥಪತಿ ಯೋಜನೆಯ ಒಡೆಯ, ತಕ್ಷಕ ಕಡಿಯುವವನು, ವರ್ಧಕಿ ಜೋಡಿಸುವವನು. ಸೂತ್ರಗ್ರಾಹಿ ಎಂದರೆ ನೂಲು ಹಿಡಿದವನು. ಅವನು ಸ್ಥಪತಿಯ ಮಗನೋ ಶಿಷ್ಯನೋ ಆಗಿರಬೇಕು, ದಂಡದಿಂದಲೂ ಸೂತ್ರದಿಂದಲೂ ಅಳೆಯುವುದರಲ್ಲಿ ನುರಿತಿರಬೇಕು ಎಂದು ಗ್ರಂಥ ಹೇಳುತ್ತದೆ. ಇಂದಿನ ಗುತ್ತಿಗೆ ನಿರ್ವಾಹಕನ ಪೂರ್ವಜನನ್ನು ಇವನಲ್ಲಿ ಕಾಣುವ ಆಸೆಯಾಗುವುದು ಸಹಜ. ಆದರೂ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಸೂತ್ರಗ್ರಾಹಿ ಕಟ್ಟುವವರ ಗುಂಪಿನೊಳಗಿನವನು. ಅವನ ಅಳತೆ ಕೆಲಸ ಸರಿಯಾಗಲೆಂದು ತೆಗೆದ ಅಳತೆ. ಹಣ ಕೊಡುವವನ ಪರವಾಗಿ ಹೊರಗೆ ನಿಂತು, ಕೊಡಬೇಕಾದ್ದು ಇಷ್ಟೇ ಎಂದು ಗೊತ್ತುಮಾಡುವ ಅಳತೆ ಬೇರೆ. ಆ ಎರಡನೆಯದರ ಸುಳಿವು ಸಿಗುವುದು ರಾಜನೀತಿಯ ಗ್ರಂಥಗಳಲ್ಲಿ. ಒಪ್ಪಿದ ಸ್ಥಳ, ಕಾಲ, ರೀತಿಗಳಿಗೆ ತಕ್ಕಂತೆ ಕುಶಲಕರ್ಮಿಗಳು ಕೆಲಸ ಮುಗಿಸಬೇಕು, ಆಪತ್ತಿನ ಕಾರಣವಿಲ್ಲದೆ ತಡಮಾಡಿದರೆ ಕೂಲಿಯ ಕಾಲುಭಾಗ ಕಳೆದುಕೊಳ್ಳಬೇಕು, ಮೇಲೆ ಕೂಲಿಯ ಎರಡರಷ್ಟು ದಂಡ ತೆರಬೇಕು ಎಂಬುದು ಕೌಟಿಲ್ಯನ ವಿಧಿ. ಇಂದಿನ ಟೆಂಡರು ದಾಖಲೆಗಳಲ್ಲಿರುವ ವಿಳಂಬ ದಂಡದ ಷರತ್ತಿಗೆ ಹೋಲಿಸಿದರೆ ಇದು ಹೆಚ್ಚು ಕಠೋರವಾದದ್ದು.

ಕರ್ನಾಟಕದ ಕೆರೆ ಶಾಸನಗಳು ತೋರಿಸುವ ದಾರಿ ಬೇರೆ. ಕೆರೆ ಕಟ್ಟಿದವನಿಗೆ, ಇಲ್ಲವೆ ಹಾಳಾದ ಕೆರೆಯನ್ನು ಸರಿಪಡಿಸಿದವನಿಗೆ ಕಟ್ಟುಕೊಡಗೆಯಾಗಿ, ದಶವಂದವಾಗಿ ಭೂಮಿ ಬಿಟ್ಟುಕೊಡುವ ಪದ್ಧತಿ ವ್ಯಾಪಕವಾಗಿತ್ತು. ಕೆರೆಯ ಮುಂದಿನ ನಿರ್ವಹಣೆಗೆ ಬಿತ್ತುವಟ್ಟವಿತ್ತು, ಹೂಳು ಹೊರುವ ಬಂಡಿಗೆ ದತ್ತಿಯಿತ್ತು, ನೀರು ಹಂಚಲು ನೀರಗಂಟಿಯಿದ್ದನು. ಈ ಏರ್ಪಾಡನ್ನು ದಾನಧರ್ಮದ ದೃಷ್ಟಿಯಿಂದ ವಿವರಿಸುವುದು ರೂಢಿ. ಗುತ್ತಿಗೆಯ ದೃಷ್ಟಿಯಿಂದ ನೋಡಿದರೆ ಇದರೊಳಗೆ ಒಂದು ಜಾಣತನ ಕಾಣುತ್ತದೆ. ಪ್ರತಿಫಲವಾಗಿ ಬಿಟ್ಟ ಗದ್ದೆ ಅದೇ ಕೆರೆಯ ಕೆಳಗಿದ್ದಾಗ, ಏರಿ ಸೋರಿದರೆ ಗದ್ದೆ ಒಣಗುತ್ತದೆ, ಕಟ್ಟಿದವನ ಮನೆಗೆ ಭತ್ತ ಬರುವುದಿಲ್ಲ. ಕೆಲಸ ಚೆನ್ನಾಗಿದೆಯೆಂದು ಯಾರೂ ಬರೆದುಕೊಡಬೇಕಾಗಿಲ್ಲ. ಬೆಳೆಯೇ ಅದಕ್ಕೆ ಪ್ರಮಾಣ. ಪ್ರತಿಫಲವು ವರ್ಷಗಳ ಮೇಲೆ ಹರಡಿಕೊಂಡಿರುವುದರಿಂದ ಹೊಣೆಯೂ ಹಾಗೆಯೇ ಹರಡಿಕೊಳ್ಳುತ್ತದೆ. ಇಂದಿನ ಒಪ್ಪಂದಗಳಲ್ಲಿ ಭದ್ರತಾ ಠೇವಣಿ ಹಿಡಿದಿಟ್ಟುಕೊಂಡು, ದೋಷಗಳಿಗೆ ಗುತ್ತಿಗೆದಾರನೇ ಹೊಣೆಯಾಗಿರುವ ಅವಧಿಯೊಂದನ್ನು ಗೊತ್ತುಮಾಡುವುದರ ಹಿಂದೆ ಇರುವ ಯೋಚನೆಯೂ ಇದೇ. ಈಗ ಆ ಅವಧಿ ಕೆಲವೇ ವರ್ಷಗಳದ್ದು. ಆಗ ಅದು ಮಕ್ಕಳು ಮೊಮ್ಮಕ್ಕಳವರೆಗೆ ನಡೆಯುತ್ತಿತ್ತು.

ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರ ಭವದೂರನು ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಸಂಸ್ಕೃತ ಶಾಸನ ಈ ವಿಷಯದಲ್ಲಿ ಅಪೂರ್ವವಾದದ್ದು. ಅದು ತಾಂತ್ರಿಕ ದಾಖಲೆಯಂತೆ ಮಾತನಾಡುತ್ತದೆ. ಕಟ್ಟೆಯ ಉದ್ದ 5000 ರೇಖಾದಂಡ, ಅಗಲ 8, ಎತ್ತರ 7. ದಿನವೂ 1000 ಆಳು, 100 ಬಂಡಿ. ಕೆಲಸ ಮುಗಿಯಲು ಹಿಡಿದದ್ದು ಎರಡು ವರ್ಷ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ತಪ್ಪಿಸಬೇಕಾದ 6 ದೋಷಗಳನ್ನೂ ಶಾಸನ ಪಟ್ಟಿ ಮಾಡುತ್ತದೆ. ಧರ್ಮಿಷ್ಠನೂ ಸಂಪನ್ನನೂ ಆದ ಅರಸ, ಜಲಶಾಸ್ತ್ರ ಬಲ್ಲ ಬ್ರಾಹ್ಮಣ, ಗಟ್ಟಿ ಜೇಡಿನ ನೆಲ, ನೀಳವಾದ ಕಲ್ಲು ಸಿಗುವ ಗಣಿ ಇವುಗಳ ಜೊತೆಗೆ ಕಟ್ಟುವ ಕೆಲಸದಲ್ಲಿ ನುರಿತ ಜನರ ತಂಡವನ್ನೂ ಅಂಗವಾಗಿ ಎಣಿಸಿರುವುದು ಗಮನಾರ್ಹ. ದೋಷಗಳ ಪಟ್ಟಿ ಇನ್ನೂ ಕುತೂಹಲಕರ: ಕಟ್ಟೆಯಿಂದ ನೀರು ಜಿನುಗುವುದು, ಸವಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಣ್ಣೆಯಿರುವುದು, ನೀರು ಕಡಿಮೆಯಾಗಿ ನೆಲ ಹೆಚ್ಚಾಗುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಾಗುವುದು. ಆರರಲ್ಲಿ ಐದು ಸ್ಥಳದ ಆಯ್ಕೆಗೆ ಸಂಬಂಧಪಟ್ಟವು, ಅಂದರೆ ಯೋಜನೆ ಹಾಕಿದವರ ತಪ್ಪುಗಳು. ಮೊದಲನೆಯದನ್ನು ಮಾತ್ರ ಕೆಲಸಗಾರರ ತಲೆಗೆ ಕಟ್ಟಬಹುದು. ಎರಡು ರಾಜ್ಯಗಳ ಗಡಿಯನ್ನು ಕೆರೆಯ ದೋಷವೆಂದು ಗುರುತಿಸಿದ ಆ ವಿದ್ವಾಂಸರಿಗೆ ನಮ್ಮ ಕಾಲದ ನದಿನೀರಿನ ವ್ಯಾಜ್ಯಗಳನ್ನು ಕಂಡಿದ್ದರೆ ಆಶ್ಚರ್ಯವಾಗುತ್ತಿರಲಿಲ್ಲ.

ಇದರ ಪಕ್ಕದಲ್ಲಿ ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಕೊಡುವ ಚಿತ್ರವನ್ನಿಟ್ಟು ನೋಡಬೇಕು. ಇಂದಿನ ಹೊಸಪೇಟೆಯ ಬಳಿ ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿದ್ದರಂತೆ. ಅರಸನು ಕೆಲಸವನ್ನು ತನ್ನ ನಾಯಕರ ನಡುವೆ ಪಾಲು ಮಾಡಿ, ತನ್ನ ಪಾಲಿನ ಜನರಿಂದ ಕೆಲಸ ಮಾಡಿಸುವ ಹೊಣೆಯನ್ನು ಆಯಾ ನಾಯಕನಿಗೆ ಒಪ್ಪಿಸಿದ್ದನಂತೆ. ದೊಡ್ಡ ಕಾಮಗಾರಿಯನ್ನು ತುಂಡುತುಂಡಾಗಿ ವಹಿಸಿ, ಪ್ರತಿ ತುಂಡಿಗೂ ಒಬ್ಬ ಉಸ್ತುವಾರಿಯನ್ನು ನೇಮಿಸುವ ಕ್ರಮಕ್ಕೆ ಇದು ಸ್ಪಷ್ಟವಾದ ನಿದರ್ಶನ. ಆದರೆ ಕೆರೆ ಎರಡು ಮೂರು ಬಾರಿ ಒಡೆಯಿತು. ಆಗ ಅರಸನು ಬ್ರಾಹ್ಮಣರನ್ನು ಕೇಳಿ, ಅವರ ಮಾತಿನಂತೆ ಅರವತ್ತು ಮನುಷ್ಯರನ್ನೂ ಕುದುರೆ, ಎಮ್ಮೆಗಳನ್ನೂ ಬಲಿ ಕೊಡಿಸಿದನೆಂದು ಪಾಯೆಸ್ ಬರೆಯುತ್ತಾನೆ. ನೂನಿಜನೂ ಇದೇ ಅರಸನು ಒಡೆದ ಕಟ್ಟೆಗಾಗಿ ಸೆರೆಯಾಳುಗಳ ತಲೆ ತೆಗೆಸಿದನೆಂದು ಹೇಳುತ್ತಾನೆ. ಪರದೇಶಿಗಳ ಈ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಬೇರೆ ಚರ್ಚೆ. ಇಲ್ಲಿ ಮುಖ್ಯವಾದುದು ಕಥನದ ಹಂದರ: ಒಡೆದದ್ದು ಯಾವ ನಾಯಕನ ಪಾಲಿನ ಏರಿ ಎಂಬ ಮಾತೇ ಅದರಲ್ಲಿ ಬರುವುದಿಲ್ಲ. ಪಾಲು ಹಂಚುವಾಗ ಇದ್ದ ಹೆಸರುಗಳು ತಪ್ಪು ಹಂಚುವಾಗ ಇಲ್ಲ.

‘ಕೆರೆಗೆ ಹಾರ’ ಕಥನಗೀತೆಯ ಹಂದರವೂ ಇದೇ ಆಗಿರುವುದು ಆಕಸ್ಮಿಕವಲ್ಲ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಹನಿ ನೀರೂ ಬರುವುದಿಲ್ಲ. ಹೊತ್ತಗೆ ತೆಗೆದು ನೋಡುವವನು ಸೊಸೆಯನ್ನು ಆಹುತಿ ಕೊಡಬೇಕೆನ್ನುತ್ತಾನೆ. ಲೆಕ್ಕಾಚಾರ ಕೊನೆಗೆ ಕಿರಿಯ ಸೊಸೆ ಭಾಗೀರಥಿಯ ಮೇಲೆ ಬಂದು ನಿಲ್ಲುತ್ತದೆ. ಈ ಗೀತೆಯನ್ನು ತ್ಯಾಗದ ಕಾವ್ಯವಾಗಿ ಓದಿದವರಿದ್ದಾರೆ, ಹೆಣ್ಣಿನ ಮೇಲಿನ ಕ್ರೌರ್ಯದ ಕಾವ್ಯವಾಗಿ ಓದಿದವರೂ ಇದ್ದಾರೆ. ಎರಡನೆಯ ಓದು ಹೆಚ್ಚು ನ್ಯಾಯವಾದದ್ದು. ಅದರೊಳಗೆ ಇನ್ನೊಂದು ಎಳೆಯೂ ಇದೆ. ಕೆರೆಗೆ ನೀರು ಬಾರದಿರುವುದಕ್ಕೆ ಪೋರುಮಾಮಿಳ್ಳದ ಶಾಸನದ ಪ್ರಕಾರ ಕಾರಣಗಳನ್ನು ಹುಡುಕಬೇಕಾದದ್ದು ನೆಲದಲ್ಲಿ, ಹಳ್ಳದಲ್ಲಿ, ಸ್ಥಳ ಆರಿಸಿದವರಲ್ಲಿ. ಗೀತೆಯ ಲೋಕದಲ್ಲಿ ಆ ಪರಿಶೀಲನೆ ನಡೆಯುವುದೇ ಇಲ್ಲ. ತೆರೆದ ಒಂದೇ ಪುಸ್ತಕ ಶಕುನದ್ದು. ದೋಷದ ಹೊಣೆ ಗೌಡನಿಂದ ಜಾರಿ, ಮನೆಯಲ್ಲಿ ಯಾರ ಪರವಾಗಿ ಕೇಳುವವರು ಕಡಿಮೆಯೋ ಅವಳ ಮೇಲೆ ಬೀಳುತ್ತದೆ. ಗುಜರಾತಿನ ಪಾಟಣದ ಸಹಸ್ರಲಿಂಗ ಕೆರೆಗೆ ಸಂಬಂಧಿಸಿದ ಜಸ್ಮಾ ಓಡಣ್‌ಳ ಐತಿಹ್ಯದಲ್ಲಿ ಮಣ್ಣು ಹೊರುವ ಓಡ್ ಸಮುದಾಯದ ಹೆಣ್ಣು ರಾಜನ ಕಾಮಕ್ಕೆ ಬಲಿಯಾಗಿ, ಕೆರೆ ಒಣಗಲೆಂದು ಶಪಿಸುತ್ತಾಳೆ. ಅಲ್ಲಿ ಹೊಣೆಯನ್ನು ಮೇಲಕ್ಕೆ ಎಸೆಯುವ ಧೈರ್ಯವಾದರೂ ಇದೆ.

ಅಳತೆ ಪುಸ್ತಕದ ಕಾಲ

ಮೈಸೂರು ಸಂಸ್ಥಾನ 1831ರಲ್ಲಿ ಕಮಿಷನರರ ಆಡಳಿತಕ್ಕೆ ಒಳಪಟ್ಟ ಬಳಿಕವೂ ಕೆರೆಕಟ್ಟೆಗಳ ಕೆಲಸ ಕೆಲಕಾಲ ಮರಾಮತ್ತಿನ ಹಳೆಯ ಏರ್ಪಾಡಿನಲ್ಲಿಯೇ ನಡೆಯಿತು. ಮಾರ್ಕ್ ಕಬ್ಬನ್ನನ ಆಡಳಿತದ ಕೊನೆಯ ವರ್ಷಗಳಲ್ಲಿ, 1850ರ ದಶಕದಲ್ಲಿ, ಲೋಕೋಪಯೋಗಿ ಇಲಾಖೆ ರೂಪುಗೊಂಡಿತು. 1864ರಿಂದ ಮುಖ್ಯ ಇಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ, ಮೈಸೂರಿನ ಬಯಲಿನಲ್ಲಿ ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆನ್ನುವಷ್ಟು ಕೆರೆಗಳು ಆಗಲೇ ಇವೆಯೆಂದು ಬರೆದನು. ಕೆರೆಗಳನ್ನು ಹೊಗಳಿದ ಈ ಇಲಾಖೆಯ ಬರವಣಿಗೆಯ ಕ್ರಮ ಮಾತ್ರ ಪೂರ್ತಿ ಹೊಸದಾಗಿತ್ತು. ಅದರ ಹೃದಯದಲ್ಲಿದ್ದದ್ದು ಅಳತೆ ಪುಸ್ತಕ, ಅಂದರೆ ಎಂ.ಬಿ.

ಈ ಪುಸ್ತಕದ ನಿಯಮಗಳನ್ನು ಒಂದು ಆಚರಣೆಯಂತೆ ಅಭ್ಯಸಿಸಬಹುದು. ಪುಟಗಳಿಗೆ ಮೊದಲೇ ಸಂಖ್ಯೆ ಅಚ್ಚಾಗಿರುತ್ತದೆ, ಹರಿಯುವಂತಿಲ್ಲ. ಅಳತೆಯನ್ನು ಸ್ಥಳದಲ್ಲಿಯೇ ಬರೆಯಬೇಕು. ಚೀಟಿಯಲ್ಲಿ ಗುರುತು ಹಾಕಿಕೊಂಡು ಬಂದು ಕಚೇರಿಯಲ್ಲಿ ಕುಳಿತು ನಕಲು ಮಾಡುವಂತಿಲ್ಲ. ಬರೆದದ್ದನ್ನು ಅಳಿಸುವಂತಿಲ್ಲ, ತಪ್ಪಿದ್ದರೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಕಿರುಸಹಿ ಹಾಕಬೇಕು. ಕೆಳಗಿನವನು ಅಳೆದದ್ದರಲ್ಲಿ ಒಂದು ಭಾಗವನ್ನು ಮೇಲಿನವನು ಮತ್ತೆ ಅಳೆದು ನೋಡಬೇಕು. ಈ ಪುಟಗಳಿಂದ ಬಿಲ್ಲು ಹುಟ್ಟುತ್ತದೆ, ಬಿಲ್ಲಿನಿಂದ ಹಣ. ನಡುನಡುವೆ ಪಾವತಿಯಾಗುವ ರನ್ನಿಂಗ್ ಬಿಲ್ಲಿನ ಹಣ ಮುಂಗಡವಿದ್ದಂತೆ. ಅಂತಿಮ ಬಿಲ್ಲಾಗುವವರೆಗೆ ಯಾವ ಅಳತೆಯೂ ಕೊನೆಯದಲ್ಲ. ಊರಿನ ಲೆಕ್ಕ ಶ್ಯಾನುಭೋಗನ ಕಡತದಲ್ಲಿದ್ದ ಸಮಾಜಕ್ಕೆ ಬರಹದ ಅಧಿಕಾರ ಅಪರಿಚಿತವೇನಲ್ಲ. ಆದರೆ ತಿದ್ದಿದ್ದು ಕಾಣುವಂತೆ ಉಳಿಯಬೇಕೆಂಬ ನಿಯಮ ಆಡಳಿತಕ್ಕೆ ಕೊಟ್ಟ ನೈತಿಕ ಬಲ ಸಣ್ಣದಲ್ಲ. ಯಾರು ಅಳೆದರು, ಯಾವ ದಿನ ಅಳೆದರು ಎಂಬುದು ಹೆಸರು ಸಹಿತ ದಾಖಲಾಗತೊಡಗಿತು. ಪಾಯೆಸನ ಕಥನದಲ್ಲಿ ಇಲ್ಲದ ನಾಯಕನ ಹೆಸರು ಇಲ್ಲಿ ಕಡ್ಡಾಯವಾಯಿತು.

ಅಳತೆಯ ಇನ್ನೊಂದು ತುದಿಯಲ್ಲಿ ಇದ್ದವರು ಮಣ್ಣು ಅಗೆಯುವವರು. ದಕ್ಷಿಣ ಭಾರತದ ರಸ್ತೆ, ರೈಲು ಹಾದಿ, ಕಾಲುವೆ, ಕೆರೆ ಏರಿಗಳ ಮಣ್ಣುಕೆಲಸದ ಬಹುಭಾಗ ಇಂದು ಭೋವಿ ಎಂದು ಕರೆಯಿಸಿಕೊಳ್ಳುವ ಸಮುದಾಯದ ದುಡಿಮೆ. ಕಲ್ಲಿನ ಕೆಲಸದವರು, ಮಣ್ಣಿನ ಕೆಲಸದವರು ಎಂಬ ಒಳವಿಭಾಗಗಳನ್ನು ಜನಾಂಗ ವಿವರಣೆಯ ಗ್ರಂಥಗಳು ಗುರುತಿಸಿವೆ. ಕುಟುಂಬ ಕುಟುಂಬವೇ ಗುಂಪಾಗಿ ಗುತ್ತಿಗೆ ಹಿಡಿಯುತ್ತಿತ್ತು. ಗಂಡಸರು ಗುದ್ದಲಿ ಹಿಡಿದರೆ ಹೆಂಗಸರು ಪುಟ್ಟಿ ಹೊರುತ್ತಿದ್ದರು. ದಿನಗೂಲಿಗಿಂತ ಅಳತೆಯ ಮೇಲಿನ ಕೂಲಿಯನ್ನೇ ಅವರು ಇಷ್ಟಪಡುತ್ತಿದ್ದರೆಂದು ವಸಾಹತು ಕಾಲದ ಬರಹಗಾರರು ಹೇಳುತ್ತಾರೆ. ಮಣ್ಣುಕೆಲಸವನ್ನು ಏರಿಯಲ್ಲಿ ಅಳೆಯಬಹುದು, ಗುಂಡಿಯಲ್ಲಿಯೂ ಅಳೆಯಬಹುದು. ಏರಿಯಲ್ಲಿ ಅಳೆದರೆ ಸಡಿಲ ಮಣ್ಣು ಮುಂದೆ ಕೂರುವುದೆಂದು ಒಂದು ಭಾಗ ಕಡಿತವಾಗುತ್ತದೆ. ಗುಂಡಿಯಲ್ಲಿ ಅಳೆಯುವುದಾದರೆ ನೆಲದ ಮೂಲ ಮಟ್ಟ ಎಷ್ಟಿತ್ತೆಂದು ತಿಳಿಯಬೇಕು. ಅದಕ್ಕಾಗಿ ಗುಂಡಿಯ ನಡುವೆ ಅಲ್ಲಲ್ಲಿ ಅಗೆಯದೆ ಮಣ್ಣಿನ ಗುಡ್ಡೆಗಳನ್ನು ಬಿಡುತ್ತಾರೆ. ಗುಡ್ಡೆಯ ತಲೆಯ ಮೇಲಿನ ಹುಲ್ಲು ಹಾಗೆಯೇ ಇರಬೇಕು. ಹೊಸ ಮಣ್ಣು ಪೇರಿಸಿ ಎತ್ತರಿಸಿಲ್ಲವೆಂಬುದಕ್ಕೆ ಅದೇ ಗುರುತು. ಆ ಹುಲ್ಲಿನ ಮೇಲಿಂದ ಗುಂಡಿಯ ತಳದವರೆಗೆ ಟೇಪು ಇಳಿಬಿಟ್ಟರೆ ಆಳ ಸಿಗುತ್ತದೆ. ಇಂಗ್ಲಿಷ್ ಕೈಪಿಡಿಗಳು ಈ ಗುಡ್ಡೆಗಳನ್ನು ‘ಡೆಡ್‌ಮನ್’, ಅಂದರೆ ಸತ್ತ ಮನುಷ್ಯ, ಎಂದು ಕರೆದಿವೆ. ಕೆರೆಗಳ ಬಲಿಕಥೆಗಳನ್ನು ಬಲ್ಲವರಿಗೆ ಈ ಹೆಸರು ಕೇಳಿ ಮೈ ಜುಮ್ಮೆಂದರೆ ತಪ್ಪಿಲ್ಲ. ಪಾರಿಭಾಷಿಕ ಪದಕ್ಕೂ ಬಲಿಗೂ ನೇರ ಸಂಬಂಧವಿಲ್ಲವೆಂಬುದನ್ನೂ ಹೇಳಬೇಕು.

ಗುಂಡಿಯ ಅಳತೆ ಅಗೆತವನ್ನು ಹಿಡಿಯುತ್ತದೆ. ಹೊರುವ ಕೆಲಸ ಅದರಲ್ಲಿ ಕಾಣುವುದಿಲ್ಲ. ಮಣ್ಣನ್ನು ಒಯ್ದ ದೂರಕ್ಕೆ ಲೀಡು, ಏರಿಸಿದ ಎತ್ತರಕ್ಕೆ ಲಿಫ್ಟು ಎಂದು ದರಪಟ್ಟಿಯಲ್ಲಿ ಬೇರೆ ಲೆಕ್ಕವಿದೆ. 50 ಮೀಟರ್ ದೂರ, ಒಂದೂವರೆ ಮೀಟರ್ ಎತ್ತರದವರೆಗಿನ ಸಾಗಾಟ ಮೂಲ ದರದಲ್ಲಿಯೇ ಸೇರಿರುವುದು ವಾಡಿಕೆ. ಪುಟ್ಟಿ ಹೊತ್ತ ಹೆಣ್ಣಿನ ನಡಿಗೆ ಎಂ.ಬಿ.ಗೆ ಬರುವುದು ಈ ಎರಡು ಮಾತುಗಳ ಮೂಲಕ ಮಾತ್ರ. ಓವರ್‌ಸಿಯರ್ ಲೀಡನ್ನು ಕಡಿಮೆ ಬರೆದರೆ ಕಳೆದುಹೋಗುವುದು ಅವಳ ದಿನವೇ. ಪುಸ್ತಕ ಇಂಗ್ಲಿಷಿನಲ್ಲಿತ್ತು. ಅಗೆದವರ ಕೈಗೆ ಅದು ಬರುವ ಪ್ರಸಂಗವೇ ಇರಲಿಲ್ಲ. ಮೇಲಿನವರ ತನಿಖೆಗೆ ಸದಾ ತೆರೆದಿದ್ದ ದಾಖಲೆ ಕೆಳಗಿನವರ ಪಾಲಿಗೆ ಮುಚ್ಚಿಯೇ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ಹಳ್ಳಿಗರು ಇಲಾಖೆಯ ಕಚೇರಿಗಳ ವಿಷಯದಲ್ಲಿ ಹೇಳುವುದು ಇಂತಹ ಅನುಭವದಿಂದಲೇ. ಇದು ದೃಢೀಕರಣದ ಚರಿತ್ರೆಯ ಬಹುಮುಖ್ಯ ಸಮಸ್ಯೆ. ಪ್ರಾಮಾಣಿಕ ಓವರ್‌ಸಿಯರ್‌ಗಳಿದ್ದರೆಂಬ ಮಾತಿನಿಂದ ಅದು ಬಗೆಹರಿಯುವುದಿಲ್ಲ.

ಹೆಸರು ಉಳಿಯುವ ಬಗೆಯನ್ನೂ ಇಲ್ಲಿಯೇ ನೋಡಬಹುದು. ಬೆಂಗಳೂರಿನ ಅಠಾರಾ ಕಚೇರಿ 1868ರಲ್ಲಿ ಪೂರ್ಣಗೊಂಡಿತು. ವಿನ್ಯಾಸದ ಹಿಂದಿದ್ದ ಸ್ಯಾಂಕಿಯ ಹೆಸರು ಒಂದು ಕೆರೆಗೆ ಅಂಟಿಕೊಂಡಿದೆ; ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರ ಹೆಸರು ಅವರು ಸ್ಥಾಪಿಸಿದ ಶಾಲೆಗಳಲ್ಲಿ ಉಳಿದಿದೆ. ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ತುತ್ತಾದ ಮೇಲೆ ಮೈಸೂರಿನಲ್ಲಿ ಎದ್ದ ಹೊಸ ಅರಮನೆಯ ಶಿಲ್ಪಿ ಹೆನ್ರಿ ಇರ್ವಿನ್ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. 1912ರಲ್ಲಿ ಮುಗಿದ, 41,47,913 ರೂಪಾಯಿ ವೆಚ್ಚವಾದ ಆ ಕಾಮಗಾರಿಯನ್ನು ನೋಡಿಕೊಂಡ ಅರಮನೆ ವಿಭಾಗದ ಕಾರ್ಯಪಾಲಕ ಇಂಜಿನಿಯರ್ ಬಿ.ಪಿ. ರಾಘವುಲು ನಾಯ್ಡು ಅವರನ್ನು ಬಲ್ಲವರು ಕೆಲವರೇ. ವೆಚ್ಚ ಕೊನೆಯ ರೂಪಾಯಿಯವರೆಗೆ ನಿಖರವಾಗಿ ನಮಗೆ ತಿಳಿದಿರುವುದೇ ಅಂತಹವರ ಸಹಿಗಳ ಫಲ.

ಈ ನಡುವಿನ ಹಂತದ ಜನರಿಗೆ ಶಿಕ್ಷಣ, ಪರೀಕ್ಷೆಗಳು ಬಂದದ್ದು ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ. 1847ರಲ್ಲಿ ಆರಂಭವಾದ ರೂರ್ಕಿಯ ಕಾಲೇಜಿನಲ್ಲಿ ಇಂಜಿನಿಯರ್‌ಗಳ ತರಗತಿಯ ಜೊತೆಗೆ ಓವರ್‌ಸಿಯರ್, ಸಬ್ ಓವರ್‌ಸಿಯರ್‌ಗಳ ತರಗತಿಗಳೂ ಇದ್ದವು. ಮೈಸೂರು ಸೀಮೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1917ರಲ್ಲಿ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಮುಂದೆ ಪಾಲಿಟೆಕ್ನಿಕ್‌ಗಳ ಎಲ್.ಸಿ.ಇ. ಡಿಪ್ಲೊಮಾ ಸಾವಿರಾರು ಹಳ್ಳಿಯ ಹುಡುಗರನ್ನು ಸೂಪರ್‌ವೈಸರ್‌ಗಳನ್ನಾಗಿ ಮಾಡಿತು. 1956ರಲ್ಲಿ ಏಕೀಕರಣವಾದಾಗ ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರುಗಳ ಲೋಕೋಪಯೋಗಿ ಸಂಪ್ರದಾಯಗಳು ಒಂದೇ ಇಲಾಖೆಗೆ ಬಂದು ಸೇರಿದವು. ಉತ್ತರ ಕರ್ನಾಟಕದವನು ಜಲ್ಲಿಯನ್ನು ನೂರು ಘನ ಅಡಿಯ ಬ್ರಾಸಿನಲ್ಲಿ ಹೇಳಿದರೆ ಬೆಂಗಳೂರಿನವನು ಮನೆಯನ್ನು ನೂರು ಚದರಡಿಯ ಚದರದಲ್ಲಿ ಹೇಳುತ್ತಾನೆ. ಮೆಟ್ರಿಕ್ ಪದ್ಧತಿ ಎಂ.ಬಿ.ಯನ್ನು ಗೆದ್ದುಕೊಂಡಿತು, ಬಾಯಿಮಾತಿನ ಅಳತೆಗಳನ್ನು ಗೆಲ್ಲಲಾಗಲಿಲ್ಲ.

ಪ್ರಮಾಣಪತ್ರ ಮತ್ತು ನಿಷ್ಪಕ್ಷಪಾತ

ಪಶ್ಚಿಮದಲ್ಲಿ ಇದೇ ಪಾತ್ರಕ್ಕೆ ‘ಕ್ಲರ್ಕ್ ಆಫ್ ವರ್ಕ್ಸ್’ ಎಂಬ ಹಳೆಯ ಹೆಸರಿದೆ. ಕವಿ ಚಾಸರ್ 1389ರಿಂದ 1391ರವರೆಗೆ ಇಂಗ್ಲೆಂಡಿನ ಅರಸನ ಕಟ್ಟಡಗಳಿಗೆ ಈ ಅಧಿಕಾರಿಯಾಗಿದ್ದನು. 1882ರಲ್ಲಿ ಈ ವೃತ್ತಿಯವರು ಇಂಗ್ಲೆಂಡಿನಲ್ಲಿ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ಅಮೆರಿಕದಲ್ಲಿ 1948ರಲ್ಲಿ ಹುಟ್ಟಿದ ‘ಕನ್‌ಸ್ಟ್ರಕ್ಷನ್ ಸ್ಪೆಸಿಫಿಕೇಷನ್ಸ್ ಇನ್‌ಸ್ಟಿಟ್ಯೂಟ್’ ಮೊದಲು ನಿರ್ಮಾಣ ದಾಖಲೆಗಳ ಜ್ಞಾನವನ್ನೂ ಅದರ ಮೇಲೆ ಗುತ್ತಿಗೆ ನಿರ್ವಹಣೆಯ ಜ್ಞಾನವನ್ನೂ ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಕ್ರಮವನ್ನು ರೂಪಿಸಿತು. ಒಪ್ಪಂದದ ಕಾಗದಗಳಲ್ಲಿ ಯಾವುದು ಯಾವುದಕ್ಕಿಂತ ಬಲವಾದುದು, ಬದಲಾವಣೆಯ ಆದೇಶ ಹೇಗಿರಬೇಕು, ಹಣದ ಬೇಡಿಕೆಯನ್ನು ಹೇಗೆ ಪರಿಶೀಲಿಸಬೇಕು ಮೊದಲಾದ ವಿಷಯಗಳು ಇಂತಹ ಪರೀಕ್ಷೆಯ ತಿರುಳು. ಭಾರತದಲ್ಲಿ 1983ರಲ್ಲಿ ಸ್ಥಾಪನೆಯಾದ ನಿಕ್ಮಾರ್, 1996ರಲ್ಲಿ ಬಂದ ನಿರ್ಮಾಣ ಉದ್ಯಮ ಅಭಿವೃದ್ಧಿ ಪರಿಷತ್ತು ಈ ದಿಕ್ಕಿನ ತರಬೇತಿಯನ್ನು ಕೈಗೆತ್ತಿಕೊಂಡವು.

ಜ್ಞಾನವನ್ನು ಪರೀಕ್ಷಿಸುವುದು ಸುಲಭ. ನಿಲುವನ್ನು ಪರೀಕ್ಷಿಸುವುದು ಕಷ್ಟ. ಮಾಲೀಕನಿಂದ ಸಂಬಳ ಪಡೆಯುವವನು ಮಾಲೀಕ ಮತ್ತು ಗುತ್ತಿಗೆದಾರರ ನಡುವೆ ಸಮವಾಗಿ ನಿಲ್ಲಬಲ್ಲನೇ? ಅಂತಾರಾಷ್ಟ್ರೀಯ ಸಲಹಾ ಇಂಜಿನಿಯರ್‌ಗಳ ಒಕ್ಕೂಟವಾದ ಫಿಡಿಕ್ 1957ರಲ್ಲಿ ಹೊರಡಿಸಿದ ಕೆಂಪು ಪುಸ್ತಕದ ಒಪ್ಪಂದದ ಇತಿಹಾಸ ಈ ಪ್ರಶ್ನೆಯ ಸುತ್ತ ಸುತ್ತುತ್ತದೆ. 1987ರ ಆವೃತ್ತಿ ಇಂಜಿನಿಯರ್ ನಿಷ್ಪಕ್ಷಪಾತಿಯಾಗಿರಬೇಕೆಂದಿತು. 1999ರ ಆವೃತ್ತಿ ಅವನು ಮಾಲೀಕನ ಪರವಾಗಿಯೇ ಕೆಲಸ ಮಾಡುವವನೆಂದು ಒಪ್ಪಿಕೊಂಡು, ವಿವಾದಗಳಿಗೆ ಬೇರೆ ಮಂಡಳಿಯನ್ನು ಸೂಚಿಸಿತು. 2017ರ ಆವೃತ್ತಿ, ನಿರ್ಧಾರ ನೀಡುವಾಗ ಮಾತ್ರ ಅವನು ತಟಸ್ಥನಾಗಿರಬೇಕೆಂದು ಮತ್ತೆ ಬರೆಯಿತು. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1974ರ ಸಟ್‌ಕ್ಲಿಫ್ ಮೊಕದ್ದಮೆಯಲ್ಲಿ, ತಪ್ಪು ಪ್ರಮಾಣಪತ್ರ ಕೊಟ್ಟ ವಾಸ್ತುಶಿಲ್ಪಿ ತಾನು ನ್ಯಾಯಾಧೀಶನಂತೆ ವರ್ತಿಸಿದೆನೆಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲವೆಂದು ತೀರ್ಮಾನಿಸಿತು. ನಮ್ಮಲ್ಲಿ ಇದಕ್ಕೆ ಹತ್ತಿರದ ತತ್ತ್ವ ಬಂದದ್ದು ಕಟ್ಟಡದಿಂದಲ್ಲ, ಅಕ್ಕಿಯಿಂದ. ಕರ್ನಾಟಕ ಸರ್ಕಾರ ಮತ್ತು ತೀರ್ಥಹಳ್ಳಿಯ ಅಕ್ಕಿ ಗಿರಣಿಯೊಂದರ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1987ರಲ್ಲಿ, ಒಪ್ಪಂದದ ಭಂಗವಾಗಿದೆಯೇ ಎಂಬುದು ವಿವಾದದಲ್ಲಿರುವಾಗ ಒಪ್ಪಂದದ ಒಬ್ಬ ಪಕ್ಷಗಾರನ ಅಧಿಕಾರಿಯೇ ಅದನ್ನು ತೀರ್ಮಾನಿಸಲಾಗದೆಂದು ಹೇಳಿತು. ಕಾಮಗಾರಿ ವ್ಯಾಜ್ಯಗಳಲ್ಲಿಯೂ ಈ ತೀರ್ಪು ಉಲ್ಲೇಖಗೊಳ್ಳುತ್ತದೆ.

ದೃಢೀಕರಣ ಸೋತಾಗ ಏನಾಗುತ್ತದೆಂಬುದಕ್ಕೆ ದೂರದ ನಿದರ್ಶನ ಬೇಡ. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಇನ್ನೂ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಪ್ರಾಣ ಕಳೆದುಕೊಂಡರು. ಭಾಗೀರಥಿಯ ಕಥೆಯನ್ನು ಹಿಂದಿನ ಕಾಲದ್ದೆಂದು ಬದಿಗಿಡಲು ಇಂತಹ ದಿನಗಳು ಬಿಡುವುದಿಲ್ಲ.

ಸರ್ಕಾರಿ ಖರೀದಿ, ಕಾಮಗಾರಿಗಳ ಟೆಂಡರು ವಿಧಾನವನ್ನು 1999ರ ಪಾರದರ್ಶಕತೆ ಕಾಯ್ದೆ ಬಿಗಿಗೊಳಿಸಿತು. ವಿಶ್ವಬ್ಯಾಂಕಿನ ನೆರವಿನ ಹೆದ್ದಾರಿ ಯೋಜನೆಯಲ್ಲಿ ಮೇಲ್ವಿಚಾರಣೆಯೇ ಸಲಹಾ ಸಂಸ್ಥೆಗಳ ಕೆಲಸವಾಯಿತು. ಅದೇ ಕಾಲದಲ್ಲಿ, 2002ರಿಂದ, ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಇನ್ನೊಂದು ದಾರಿ ಹಿಡಿಯಿತು. ಕೆರೆ ಬಳಕೆದಾರರ ಸಂಘಗಳೇ ಹೂಳೆತ್ತುವ, ತೂಬು ಸರಿಪಡಿಸುವ ಕೆಲಸಗಳನ್ನು ನಡೆಸುವುದು ಅದರ ಆಶಯ. ಕೆರೆಯ ಕೆಳಗೆ ಗದ್ದೆಯಿದ್ದವನೇ ಕೆಲಸ ನೋಡಿಕೊಳ್ಳುವ ಕಟ್ಟುಕೊಡಗೆಯ ತರ್ಕ ಇಲ್ಲಿ ಮರಳಿತೆನ್ನಬಹುದು. ಕೆರೆಯ ಕೆಳಗೆ ಭೂಮಿಯಿಲ್ಲದವರ ದನಿ ಅಂತಹ ಸಂಘಗಳಲ್ಲಿ ಕ್ಷೀಣವಾಗಿರುವ ಅಪಾಯವೂ ಅದರೊಡನೆಯೇ ಮರಳಿತು.

2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಅಳತೆಯ ಚರಿತ್ರೆಗೆ ಹೊಸ ಅಧ್ಯಾಯವನ್ನೇ ಸೇರಿಸಿತು. ಕೂಲಿಯನ್ನು ಹದಿನೈದು ದಿನಗಳೊಳಗೆ ಕೊಡಬೇಕೆಂದೂ, ತಡವಾದರೆ ಪರಿಹಾರ ಸಲ್ಲಬೇಕೆಂದೂ, ಕಾಮಗಾರಿಯ ದಾಖಲೆಗಳನ್ನು ಗ್ರಾಮಸಭೆ ಸಾಮಾಜಿಕ ಲೆಕ್ಕಪರಿಶೋಧನೆಗೆ ಒಳಪಡಿಸಬೇಕೆಂದೂ ಅದು ವಿಧಿಸಿತು. ಕೆಲಸಗಾರರ ಗುಂಪಿನ ಮುಂದಾಳನ್ನು ಕರ್ನಾಟಕದಲ್ಲಿ ಕಾಯಕ ಬಂಧು ಎಂದು ಕರೆದರು. ಅಳತೆ ಪುಸ್ತಕವನ್ನು ಅಗೆದವರ ಎದುರಿಗೆ ಗಟ್ಟಿಯಾಗಿ ಓದುವ ಅವಕಾಶ ಕಾನೂನಿನ ಬಲದಿಂದ ಒದಗಿತು. ಎಲ್ಲ ಕಡೆಯೂ ಹಾಗೆ ಓದಲಾಯಿತೆಂದು ಹೇಳಲಾಗದು.

ಕೂಲಿಯ ದೃಢೀಕರಣಕ್ಕೆ ಅದಕ್ಕಿಂತ ಹಳೆಯ ಒಂದು ವಿಧಿಯಿತ್ತು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೆಯ ಕಲಮಿನಂತೆ, ಗುತ್ತಿಗೆದಾರನು ಕಾರ್ಮಿಕರಿಗೆ ವೇತನ ಹಂಚುವಾಗ ಮೂಲ ಉದ್ಯೋಗದಾತನ ಪ್ರತಿನಿಧಿ ಎದುರಿಗಿರಬೇಕಾಗಿತ್ತು. ಹಣ ತನ್ನ ಸಮಕ್ಷಮದಲ್ಲಿ ಕೈಸೇರಿತೆಂದು ವೇತನದ ರಿಜಿಸ್ಟರಿನಲ್ಲಿ ದೃಢೀಕರಿಸಬೇಕಾಗಿತ್ತು. ಗುತ್ತಿಗೆದಾರ ಕೊಡದಿದ್ದರೆ ಮೂಲ ಉದ್ಯೋಗದಾತನೇ ಕೊಟ್ಟು ವಸೂಲು ಮಾಡಿಕೊಳ್ಳಬೇಕಾಗಿತ್ತು. ಕಟ್ಟಡವನ್ನಲ್ಲದೆ ಕಟ್ಟಿದವರ ಕೂಲಿಯನ್ನೂ ಕಣ್ಣಾರೆ ನೋಡಿ ಸಹಿ ಹಾಕುವ ಹೊಣೆ ಹೀಗೆ ಬರಹಕ್ಕೆ ಬಂದಿತ್ತು. ಈ ಕಾಯ್ದೆಯ ವಿಷಯಗಳನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ತನ್ನೊಳಗೆ ಸೇರಿಸಿಕೊಂಡಿತು. ಬ್ಯಾಂಕಿನ ಮೂಲಕ ಇಲ್ಲವೆ ವಿದ್ಯುನ್ಮಾನ ವಿಧಾನದಲ್ಲಿ ವೇತನ ಪಾವತಿಸುವುದನ್ನು ಅದು ವಿಧಿಸಿದೆ. ಹಣ ಖಾತೆಗೆ ಹೋಗುವಾಗ ಯಾರೂ ಎದುರಿಗೆ ನಿಲ್ಲಬೇಕಾಗಿಲ್ಲ. ಗುಂಡಿಯ ಆಳವನ್ನು ಮಾತ್ರ ಈಗಲೂ ಹುಲ್ಲು ಉಳಿದ ಗುಡ್ಡೆಯ ಪಕ್ಕದಲ್ಲಿ ನಿಂತೇ ಅಳೆಯಬೇಕಾಗಿದೆ.